ಪರಸಿಯಿಂದ ಬಾಳೆಯವರೆಗೆ: ಎಂಟು ಸಾಲಿಗೊಂದು ಟೀಕೆ

ಕಲಬುರಗಿಯಿಂದ ಶಹಾಬಾದ್ ಕಡೆ ಹೊರಟರೆ ದಾರಿಯಲ್ಲಿ ಮರತೂರು ಸಿಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ಟೀಕೆ ಬರೆದ ವಿಜ್ಞಾನೇಶ್ವರ ನಮ್ಮ ಮರತೂರಿನವನೇ ಎಂದು ಈ ಭಾಗದವರು ಎದೆಯುಬ್ಬಿಸಿ ಹೇಳುತ್ತಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಮೂಲವನ್ನು ಓದದವರೂ ಅವನ ಟೀಕೆಯ ಹೆಸರು ಬಲ್ಲರು; ಹಿಂದೂ ಆಸ್ತಿ ಹಂಚಿಕೆಯ ಎಷ್ಟೋ ವ್ಯಾಜ್ಯಗಳು ಅದರ ಮೇಲೆಯೇ ತೀರ್ಮಾನವಾಗಿವೆ. ಇನ್ನೊಂದು ದಿಕ್ಕಿಗೆ ಹೋದರೆ ಕಾಗಿಣಾ ದಂಡೆಯ ಮಳಖೇಡ. ಅಲ್ಲಿ ಪೂಜೆಗೊಳ್ಳುವ ಜಯತೀರ್ಥರನ್ನು ಭಕ್ತರು ಟೀಕಾಚಾರ್ಯರೆಂದೇ ಕರೆಯುತ್ತಾರೆ. ಹಾಗಾಗಿ ಟೀಕೆ ಬರೆಯುವುದು ಈ ಸುಣ್ಣಕಲ್ಲಿನ ನೆಲದ ಹಳೆಯ ಚಾಳಿ ಎಂದರೆ ತಪ್ಪಿಲ್ಲ. ಆ ಚಾಳಿ ನನಗೂ ಅಂಟಿದೆ. ಆದರೆ ಟೀಕೆ ಬರೆಯಲು ಒಂದು ಮೂಲ ಬೇಕಲ್ಲ? ಮೊನ್ನೆ ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಟಿಕೀಟಿನ ಹಿಂದೆ ಎಂಟು ಸಾಲು ಗೀಚಿಕೊಂಡೆ. ಕವಿತೆಯಲ್ಲ, ದಾರಿಯ ಕಲ್ಲು ಮಣ್ಣಿನ ಪಟ್ಟಿ, ಹಳೆಯದು ಮೊದಲು, ಹೊಸದು ಕೊನೆಗೆ. ಮೂಲವೂ ನನ್ನದೇ, ಟೀಕೆಯೂ ನನ್ನದೇ. ಹೀಗಿದ್ದಾಗ ಟೀಕಾಕಾರನಿಗೆ ಮೂಲಕಾರನ ಭಯವಿರುವುದಿಲ್ಲ, ಕಲ್ಲಿನ ಭಯ ಮಾತ್ರ.

ಮೂಲ:

ಕಾಲ ಕೆಳಗೆ ಪರಸಿ, ಪರಸಿಯೊಳಗೆ ಕಡಲು.
ಆ ಕಡಲಿಗೆ ಮೀನಿಲ್ಲ, ದಂಡೆಗೆ ಹುಲ್ಲಿಲ್ಲ.
ಮುಂದಿನ ಗರಿಗಳು ಕಳೆದಿವೆ.
ಕೋಟೆಯ ಕಲ್ಲು ಒಂದು ಕಾಲಕ್ಕೆ ಹರಿಯುತ್ತಿತ್ತು.
ಹರಿವಿಗೂ ಹರಿವಿಗೂ ನಡುವೆ ಕೆರೆ.
ಕಮಲಾಪುರದ ಕೆಂಪು ಬೇರೆ ಅಕ್ಷಾಂಶದ ಮಳೆಯದು.
ಎರಿ ಬಿರಿಯಿತು, ಜೋಳ ನಿಂತಿತು.
ಸುಟ್ಟ ಕಡಲು ಗಾಳಿ ಸೇರಿತು.

ಕಾಲ ಕೆಳಗೆ ಪರಸಿ, ಪರಸಿಯೊಳಗೆ ಕಡಲು.

‘ಪರಸಿ’ ಎಂದರೆ ಶಹಾಬಾದ್ ಕಲ್ಲು. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಡುಮನೆ, ಅಡುಗೆಮನೆ, ಅಂಗಳ, ಬಚ್ಚಲು, ದರ್ಗಾದ ಮೆಟ್ಟಿಲು, ಗುಡಿಯ ಪ್ರಾಕಾರ ಎಲ್ಲ ಕಡೆಯೂ ಅದೇ ಬೂದುಬಣ್ಣದ ಹಾಸು. ಬೇಸಿಗೆಯ ಮಧ್ಯಾಹ್ನ ಚಾಪೆಯೂ ಇಲ್ಲದೆ ಅದರ ಮೇಲೆ ಮಲಗಿದವರಿಗೆ ಅದರ ತಂಪು ಗೊತ್ತು.

‘ಪರಸಿಯೊಳಗೆ ಕಡಲು’ ಎಂಬ ಮಾತು ಅಲಂಕಾರವಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕುವ ದಿನ ನೆಲದ ಮೇಲೆ ನಿಂಬೆರಸ ಚೆಲ್ಲುವುದು ಪ್ರತಿವರ್ಷದ ಕಥೆ. ಕೂಡಲೇ ಒರೆಸದೆ ಬಗ್ಗಿ ನೋಡಿದರೆ ರಸ ಬಿದ್ದ ಕಡೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಒರೆಸಿದ ಮೇಲೆ ಅಲ್ಲೊಂದು ಮಂಕಾದ ಕಲೆ, ಎಷ್ಟು ತಿಕ್ಕಿದರೂ ಹೋಗದು. ಬೈಸಿಕೊಳ್ಳುವುದು ಆ ಕಲೆಗೆ; ನನ್ನ ಕಣ್ಣು ಮಾತ್ರ ಗುಳ್ಳೆಯ ಮೇಲೆ. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದರೊಳಗೆ ಸೆರೆಯಾದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಮ್ಮೆ ಗಾಳಿಯಲ್ಲಿದ್ದು, ಆಮೇಲೆ ಕಡಲ ನೀರಲ್ಲಿ ಕರಗಿ, ಸುಣ್ಣದ ಕೆಸರಾಗಿ ತಳ ಸೇರಿ ಕಲ್ಲಾದ ಗಾಳಿ ಅದು. ಎರಡಡಿ ಉದ್ದ, ಎರಡಡಿ ಅಗಲ, ಒಂದಿಂಚು ದಪ್ಪದ ಒಂದು ಪರಸಿ ಸುಮಾರು 25 ಕಿಲೋ ತೂಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಹತ್ತು ಕಿಲೋ ಈ ಗಾಳಿಯದೇ. ಅಷ್ಟನ್ನೂ ಬಿಡಿಸಿದರೆ ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕುಗಳಲ್ಲಿ ಐದು ತುಂಬಿ ಮಿಗುತ್ತದೆ. ಗಾಳಿಯ ಈ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಟೀಕೆಯ ಉದ್ದಕ್ಕೂ ಇದೇ ಬರುತ್ತದೆ.

ಕಡಲಿತ್ತೆಂಬುದಕ್ಕೆ ಸಾಕ್ಷಿ ಪರಸಿಯ ಕೆಳಗೂ ಇದೆ. ಭೂವಿಜ್ಞಾನಿಗಳು ‘ಭೀಮಾ’ ಎಂದು ಕರೆಯುವ ಈ ಶಿಲಾಸಮೂಹದ ಅಡಿಯಲ್ಲಿ 250 ಕೋಟಿ ವರ್ಷ ಹಳೆಯ ಬೆಣಚುಕಲ್ಲು, ಅಂದರೆ ಯಾದಗಿರಿ, ಶಹಾಪುರದ ಗುಡ್ಡಗಳಲ್ಲಿ ಎದ್ದು ಕಾಣುವ ಗ್ರಾನೈಟು. ಅದರ ಮೇಲೆ ಮೊದಲು ಉರುಟು ಹರಳು, ಮರಳುಗಲ್ಲು, ಆಮೇಲೆ ಜೇಡಿಕಲ್ಲು, ಆಮೇಲೆ ಸುಣ್ಣಕಲ್ಲು. ದಂಡೆಯ ಮರಳಿನ ಮೇಲೆ ಕೆಸರು, ಕೆಸರಿನ ಮೇಲೆ ತಿಳಿನೀರಿನ ಸುಣ್ಣ: ನೀರು ನೆಲದ ಮೇಲೆ ಏರಿ ಬಂದ ಕ್ರಮವೇ ಅದು. ಕಲಬುರಗಿ, ಯಾದಗಿರಿ, ವಿಜಯಪುರ, ತೆಲಂಗಾಣದ ಅಂಚು ಸೇರಿ ಐದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ನೆಲಕ್ಕೆ ಈ ಹಾಸು ಹರಡಿದೆ.

ಕಾಲದ ವಿಚಾರದಲ್ಲಿ ಪಾಠಾಂತರಗಳಿವೆ. ಕೆಲವರು ಅರವತ್ತು ಎಪ್ಪತ್ತು ಕೋಟಿ ವರ್ಷ ಎನ್ನುತ್ತಾರೆ, ಕೆಲವರು ನೂರು ಕೋಟಿಯ ಹತ್ತಿರಕ್ಕೆ ಒಯ್ಯುತ್ತಾರೆ. ಕಾಲ ಹೇಳುವ ಚಿಪ್ಪು, ಶಂಖ, ಎಲುಬು ಒಂದೂ ಈ ಕಲ್ಲಿನಲ್ಲಿ ಇಲ್ಲದಿರುವುದೇ ಜಗಳದ ಮೂಲ. ಅವು ಯಾಕಿಲ್ಲ ಎಂಬುದಕ್ಕೆ ಎರಡನೆಯ ಸಾಲು.

ಆ ಕಡಲಿಗೆ ಮೀನಿಲ್ಲ, ದಂಡೆಗೆ ಹುಲ್ಲಿಲ್ಲ.

ಮೀನು ಇನ್ನೂ ಹುಟ್ಟಿರಲಿಲ್ಲ. ಚಿಪ್ಪು ಕಟ್ಟುವ ಪ್ರಾಣಿಯೂ ಇರಲಿಲ್ಲ. ಇಂದಿನ ಕಡಲಲ್ಲಿ ಸುಣ್ಣ ತಳ ಸೇರುವುದು ಹೆಚ್ಚಾಗಿ ಚಿಪ್ಪು, ಹವಳ, ಸೂಕ್ಷ್ಮಜೀವಿಗಳ ಕವಚದ ರೂಪದಲ್ಲಿ. ಆಗ ಹಾಗಿರಲಿಲ್ಲ. ನೀರಿನಿಂದ ಸುಣ್ಣ ನೇರವಾಗಿಯೂ, ಪಾಚಿಯಂಥ ಸಯನೋಬ್ಯಾಕ್ಟೀರಿಯಾಗಳ ನೆರವಿನಿಂದಲೂ ಇಳಿಯುತ್ತಿತ್ತು. ಅದಕ್ಕೇ ಪರಸಿಯನ್ನು ಎಷ್ಟು ತೆಳ್ಳಗೆ ಸೀಳಿದರೂ ಒಳಗೊಂದು ಶಂಖ ಸಿಗುವುದಿಲ್ಲ. ಗಣಿಯ ಒಡ್ಡರು ಉಳಿ ಹಾಕಿ ಹಾಳೆ ಬಿಡಿಸಿದಂತೆ ಬಿಡಿಸುವ ಈ ಸಪಾಟು ಪದರ ಉಳಿದದ್ದಕ್ಕೆ, ಕೆಸರನ್ನು ಬಗೆದು ಬಿಲ ತೋಡುವ ಹುಳುಗಳು ಇರಲಿಲ್ಲ ಎಂಬುದೂ ಒಂದು ಕಾರಣ.

ಇಲ್ಲಿ ಒಂದು ಎಚ್ಚರಿಕೆ. ಇಂಥ ಕಲ್ಲಿನ ಬಿರುಕಿನಲ್ಲಿ ಕೆಲವೊಮ್ಮೆ ಜರಿಗಿಡದ ಎಲೆಯಂಥ ಕಪ್ಪು ಚಿತ್ತಾರ ಕಾಣುತ್ತದೆ. ‘ಅಗೋ, ಆ ಕಾಲದ ಗಿಡ’ ಎಂದು ತೋರಿಸುವವರಿದ್ದಾರೆ. ಗಿಡವಲ್ಲ. ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸಿನ ಕಿಟ್ಟ ಅದು. ಹಸ್ತಪ್ರತಿಯ ಭಾಷೆಯಲ್ಲಿ ಹೇಳುವುದಾದರೆ ಪ್ರಕ್ಷಿಪ್ತ, ಆಮೇಲೆ ಯಾರೋ ಸೇರಿಸಿದ್ದು. ದೊಡ್ಡವರೂ ಹೀಗೆ ಮೋಸಹೋಗಿದ್ದಾರೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಮಾಡಿನಲ್ಲಿ ಡಿಕಿನ್ಸೋನಿಯಾ ಎಂಬ ಐವತ್ತೈದು ಕೋಟಿ ವರ್ಷ ಹಿಂದಿನ ಜೀವಿಯ ಅಚ್ಚು ಸಿಕ್ಕಿತೆಂದು 2021ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. 2023ರಲ್ಲಿ ಇನ್ನೊಂದು ತಂಡ ಹೋಗಿ ನೋಡಿದರೆ ಅದು ಜೇನುಗೂಡಿನ ಹಳಸಿದ ಗುರುತು! ಮೊದಲು ಬರೆದವರೂ ಒಪ್ಪಿಕೊಂಡರು. ಟೀಕಾಕಾರನಾದವನು ಒಪ್ಪಿಕೊಳ್ಳುವುದನ್ನೂ ಕಲಿತಿರಬೇಕು.

‘ದಂಡೆಗೆ ಹುಲ್ಲಿಲ್ಲ’: ಹುಲ್ಲಷ್ಟೇ ಅಲ್ಲ, ಗಿಡ ಮರ ಯಾವುದೂ ಇಲ್ಲ. ನೆಲವೆಂದರೆ ಬರೀ ಕಲ್ಲು, ಮರಳು, ಅಲ್ಲಲ್ಲಿ ಸೂಕ್ಷ್ಮಜೀವಿಗಳ ಲೋಳೆ. ಬೇರು ಹಿಡಿದಿಡದ ಮಣ್ಣನ್ನು ಮಳೆ ಬಂದ ಹಾಗೆ ಹೊಳೆಗಳು ಬಳಿದುಕೊಂಡು ಹೋಗುತ್ತಿದ್ದವು. ಗಾಳಿಯಲ್ಲಿ ಆಮ್ಲಜನಕ ಇಂದಿನದಕ್ಕಿಂತ ಬಹಳ ಕಡಿಮೆ. ನಮ್ಮಂಥವರು ಅಲ್ಲಿ ಇಳಿದಿದ್ದರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕುಸಿಯುತ್ತಿದ್ದೆವು. ಸೂರ್ಯ ಇಂದಿಗಿಂತ ಶೇಕಡ ಐದಾರರಷ್ಟು ಮಂಕು. ಚಂದ್ರ ಇನ್ನೂ ಹತ್ತಿರ, ಹಾಗಾಗಿ ಉಬ್ಬರವಿಳಿತ ಜೋರು. ಆಸ್ಟ್ರೇಲಿಯಾದಲ್ಲಿ ಉಬ್ಬರವಿಳಿತವೇ ಬರೆದಿಟ್ಟ ಸುಮಾರು 62 ಕೋಟಿ ವರ್ಷ ಹಳೆಯ ತೆಳುಪದರಗಳನ್ನು ಒಂದೊಂದಾಗಿ ಎಣಿಸಿದವರು ಆಗಿನ ದಿನಕ್ಕೆ ಸುಮಾರು 22 ಗಂಟೆ, ವರ್ಷಕ್ಕೆ ಸುಮಾರು 400 ದಿನ ಎಂದು ಲೆಕ್ಕ ಕೊಟ್ಟಿದ್ದಾರೆ. ಅಮಾವಾಸ್ಯೆ ಹುಣ್ಣಿಮೆಗಳ ಪಂಚಾಂಗವೇ ಬೇರೆ ಇತ್ತು. ಬಣ್ಣದಲ್ಲಿಯೂ ಆ ಲೋಕ ನಮ್ಮದಲ್ಲ, ಹಸಿರೆಂಬುದು ನೀರಿನ ಅಂಚಿನ ಲೋಳೆಯಲ್ಲಿ ಮಾತ್ರ.

ಮುಂದಿನ ಗರಿಗಳು ಕಳೆದಿವೆ.

ತಾಳೆಗರಿಯ ಹಸ್ತಪ್ರತಿ ನೋಡಿದವರಿಗೆ ‘ಗ್ರಂಥಪಾತ’ ಎಂಬ ಮಾತು ಪರಿಚಯ. ಗರಿ ಉದುರಿದೆ, ಗೆದ್ದಲು ತಿಂದಿದೆ, ಅಥವಾ ಲಿಪಿಕಾರ ಬರೆದೇ ಇಲ್ಲ. ಸಂಪಾದಕ ಅಲ್ಲೊಂದು ಚುಕ್ಕಿಸಾಲು ಹಾಕಿ ಮುಂದೆ ಹೋಗುತ್ತಾನೆ. ನಮ್ಮ ಭಾಗದಲ್ಲಿ ಭೀಮಾ ಕಲ್ಲಿನ ಮೇಲೆ ನೇರವಾಗಿ ಕೂತಿರುವುದು ಆರೂವರೆ ಕೋಟಿ ವರ್ಷದ ಕರಿಕಲ್ಲು. ನಡುವೆ ಕಡಿಮೆಯೆಂದರೂ ಐವತ್ತು ಕೋಟಿ ವರ್ಷ ಗೈರುಹಾಜರು.

ನನ್ನ ಮಟ್ಟಿಗೆ ಎಂಟರಲ್ಲಿ ಇದೇ ಅತಿ ಭಾರವಾದ ಸಾಲು. ಭೂಮಿಯ ಚರಿತ್ರೆ ಎಂದು ಶಾಲೆಯ ಪುಸ್ತಕದಲ್ಲಿ ಓದುವುದೆಲ್ಲ ಈ ಬಿಟ್ಟ ಜಾಗದಲ್ಲೇ ನಡೆದುಹೋಯಿತು. ಮೊದಲ ಚಿಪ್ಪು, ಮೊದಲ ಮೀನು, ನೀರಿನಿಂದ ನೆಲಕ್ಕೆ ಬಂದ ಮೊದಲ ಗಿಡ, ಕಾಡು, ಕಪ್ಪೆ, ಡೈನೋಸಾರು. ಸುಮಾರು ಮೂವತ್ತು ಕೋಟಿ ವರ್ಷದ ಹಿಂದೆ ಗಾಳಿಯಲ್ಲಿ ಆಮ್ಲಜನಕ ಇಂದಿನ ಶೇಕಡ 21ನ್ನು ಮೀರಿ 30ರ ಹತ್ತಿರ ಹೋಗಿತ್ತು. ಮುಕ್ಕಾಲು ಮೀಟರಿಗೆ ಸಮೀಪ ರೆಕ್ಕೆ ಹರಡಿದ ಏರೋಪ್ಲೇನ್ ಚಿಟ್ಟೆಯಂಥ ಹುಳು ಆಗ ಹಾರುತ್ತಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾವಿರುವ ನೆಲ ಗೊಂಡ್ವಾನಾ ಖಂಡದ ತುಂಡಾಗಿ ದಕ್ಷಿಣ ಧ್ರುವದ ಕಡೆ ಇತ್ತು. ಒಡಿಶಾದ ತಾಲ್ಚೇರ್‌ನಲ್ಲಿ ಹಿಮನದಿ ಉರುಳಿಸಿ ತಂದ ಬಂಡೆಗಳ ಪದರ ಇದೆ. 1856ರಷ್ಟು ಹಿಂದೆಯೇ ಬ್ಲಾನ್‌ಫರ್ಡ್ ಸಹೋದರರು ಅದನ್ನು ಹಿಮದ ಕೆಲಸ ಎಂದು ಗುರುತಿಸಿದ್ದರು. ಆ ಹಿಮ ಕರಗಿದ ಮೇಲೆ ಬೆಳೆದ ಕಾಡುಗಳು ಪಕ್ಕದ ತೆಲಂಗಾಣದ ಸಿಂಗರೇಣಿಯಲ್ಲಿ ಕಲ್ಲಿದ್ದಲಾಗಿ ಉಳಿದಿವೆ.

ಕಲಬುರಗಿಯಲ್ಲಿ ಹಿಮ ಬಿತ್ತೇ? ಕಾಡಿತ್ತೇ? ಕಲ್ಲು ಬಾಯಿ ಬಿಡುವುದಿಲ್ಲ. ಪದರ ಕೂತು ಆಮೇಲೆ ಕೊಚ್ಚಿಹೋಯಿತೋ, ಕೂಡಲೇ ಇಲ್ಲವೋ, ಅದೂ ಮುಚ್ಚಿಟ್ಟ ಮಾತೇ. ಬಿಟ್ಟ ಜಾಗವನ್ನು ಪಕ್ಕದ ಊರಿನ ಪ್ರತಿ ನೋಡಿ ತುಂಬಿಬಿಡುವ ಆಸೆ ಟೀಕಾಕಾರರಿಗೆಲ್ಲ ಆಗುತ್ತದೆ. ನಾನು ಚುಕ್ಕಿಸಾಲು ಹಾಕಿ ಮುಂದೆ ಹೋಗುತ್ತೇನೆ.

ಕೋಟೆಯ ಕಲ್ಲು ಒಂದು ಕಾಲಕ್ಕೆ ಹರಿಯುತ್ತಿತ್ತು.

‘ಕೋಟೆ’ ಎಂದರೆ ಕಲಬುರಗಿಯ ಕೋಟೆ, 1367ರ ಜಾಮಿಯಾ ಮಸೀದಿಯನ್ನು ಒಳಗಿಟ್ಟುಕೊಂಡದ್ದು. ಅದರ ಗೋಡೆಯ ಕರಿಕಲ್ಲನ್ನು ಮುಟ್ಟಿ ನೋಡಿ. ಪರಸಿಯಲ್ಲಿರುವ ಪದರ ಇಲ್ಲಿಲ್ಲ. ಬದಲಿಗೆ ತೂತುಗಳಿವೆ, ಕೆಲವು ಖಾಲಿ, ಕೆಲವಕ್ಕೆ ಬಿಳಿ ಹರಳು ತುಂಬಿದೆ. ದೋಸೆಕಲ್ಲಿನ ಮೇಲೆ ಹಿಟ್ಟು ಬೇಯುವಾಗ ಗುಳ್ಳೆ ಒಡೆದು ಕಣ್ಣು ಬೀಳುವುದಿಲ್ಲವೇ, ಹಾಗೆ. ಸಾವಿರದ ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ ಹರಿದುಬಂದ ಲಾವಾದಿಂದ ಅನಿಲ ತಪ್ಪಿಸಿಕೊಳ್ಳುವ ಮೊದಲೇ ಮೇಲ್ಮೈ ತಣಿದರೆ ಗುಳ್ಳೆಯ ಅಚ್ಚು ಅಲ್ಲೇ ಉಳಿಯುತ್ತದೆ. ಪರಸಿಯದು ಸೆರೆಯಾದ ಗಾಳಿ. ಕರಿಕಲ್ಲಿನದು ಪರಾರಿಯಾದ ಗಾಳಿಯ ಹೆಜ್ಜೆಗುರುತು.

ನಗರದಿಂದ ದಕ್ಷಿಣಕ್ಕೆ ಶಹಾಬಾದಿನ ಕಡೆ ಈ ಕರಿಕಲ್ಲು ಮುಗಿದು ಸುಣ್ಣಕಲ್ಲು ಹೊರಬೀಳುತ್ತದೆ. ಉತ್ತರಕ್ಕೆ ಹೋದಷ್ಟೂ ಮಹಾರಾಷ್ಟ್ರದುದ್ದಕ್ಕೂ ಅದೇ ಕರಿಕಲ್ಲು. ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಈಗಲೂ ಉಳಿದಿದೆ, ಮೊದಲು ಇನ್ನೂ ಹೆಚ್ಚಿತ್ತು. ಬೆಟ್ಟದ ಬಾಯಿಂದ ಉಗುಳಿದ್ದಲ್ಲ. ನೆಲದ ಬಿರುಕುಗಳಿಂದ ಉಕ್ಕಿ ಹರಿದದ್ದು. ಹಾಲು ಉಕ್ಕಿ ಒಲೆಯ ಸುತ್ತ ಹರಡಿ ಕೆನೆಗಟ್ಟಿದಂತೆ, ಒಂದರ ಮೇಲೊಂದು. ಇದರ ಬಹುಪಾಲು 6.6 ಕೋಟಿ ವರ್ಷದ ಹಿಂದುಮುಂದಿನ ಹತ್ತು ಲಕ್ಷ ವರ್ಷದೊಳಗೇ ಮುಗಿಯಿತು. ಅದೇ ಅವಧಿಯಲ್ಲಿ ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಕ್ಷುದ್ರಗ್ರಹ ಅಪ್ಪಳಿಸಿತು, ಡೈನೋಸಾರುಗಳು ಅಳಿದವು. ಅಪರಾಧ ಯಾರದು ಎಂಬ ವಾದದಲ್ಲಿ ಈಗ ಹೆಚ್ಚಿನವರು ಕ್ಷುದ್ರಗ್ರಹದ ಕಡೆ ಬೆರಳು ತೋರಿಸುತ್ತಾರೆ. ನಮ್ಮ ಕರಿಕಲ್ಲು ಸಹ-ಆರೋಪಿ.

ಈ ಲಾವಾ ಹರಿದದ್ದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಲ್ಲ ಎಂಬುದು ಇನ್ನೂ ಸೋಜಿಗ. ಆಗ ಭಾರತ ಭೂಮಧ್ಯರೇಖೆಯ ಕೆಳಗೆ, ಇಂದಿನ ಮಡಗಾಸ್ಕರದ ಅಕ್ಷಾಂಶದಲ್ಲಿ, ಕಡಲ ನಡುವೆ ಒಂಟಿ ದ್ವೀಪವಾಗಿ ವರ್ಷಕ್ಕೆ ಹದಿನೈದು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸಾಗುತ್ತಿತ್ತು. ಒಂದು ಗೇಣಿಗೆ ಸ್ವಲ್ಪ ಕಡಿಮೆ. ಭೂಖಂಡದ ಮಟ್ಟಿಗೆ ಅದು ಓಟ. ಹಿಮಾಲಯ ಇಲ್ಲ, ಹಾಗಾಗಿ ನಾವು ಮುಂಗಾರೆಂದು ಕಾಯುವ ಮಳೆಯ ಕಟ್ಟಳೆಯೂ ಇಂದಿನಂತಿರಲಿಲ್ಲ. ಧ್ರುವಗಳಲ್ಲಿ ಇಂದಿನಂಥ ಹಿಮದ ರಾಶಿಯೂ ಇಲ್ಲ.

ಹರಿವಿಗೂ ಹರಿವಿಗೂ ನಡುವೆ ಕೆರೆ.

ಬಾವಿ ತೋಡುವವರಿಗೆ ಈ ಸಾಲು ಹೊಸದಲ್ಲ. ಕರಿಕಲ್ಲು ಒಡೆಯುತ್ತ ಹೋದರೆ ನಡುವೆ ಒಮ್ಮೆಲೇ ಇಟ್ಟಿಗೆಬಣ್ಣದ ಮೆತ್ತನೆಯ ಪಟ್ಟಿ ಸಿಗುತ್ತದೆ, ಅದರ ಕೆಳಗೆ ಮತ್ತೆ ಕರಿಕಲ್ಲು. ಒಂದು ಲಾವಾ ತಣಿದು, ಮಳೆಬಿಸಿಲಿಗೆ ಹಣ್ಣಾಗಿ ಮಣ್ಣಾಗುವಷ್ಟು ಬಿಡುವು ಸಿಕ್ಕ ಮೇಲೆ ಮುಂದಿನ ಲಾವಾ ಬಂದಿದೆ ಎಂಬುದಕ್ಕೆ ಅದು ಸಾಕ್ಷಿ.

ಕೆಲವು ಕಡೆ ಬಿಡುವು ಇನ್ನೂ ದೀರ್ಘ. ಆಗ ತಗ್ಗಿನಲ್ಲಿ ಕೆರೆ ನಿಂತಿತು. ಗುರುಮಠಕಲ್ ಕಡೆ (ಈಗ ಯಾದಗಿರಿ ಜಿಲ್ಲೆ, ಮೊದಲು ಗುಲಬರ್ಗಾ ಎನ್ನುತ್ತಿದ್ದ ಕಲಬುರಗಿ ಜಿಲ್ಲೆ) ಇಂಥ ಕೆರೆಯ ಕೆಸರಿನ ಪದರ ಲಾವಾಗಳ ನಡುವೆ ಸಿಕ್ಕಿದೆ. ಅದರಲ್ಲಿ ಆಸ್ಟ್ರಾಕಾಡ್ ಎಂಬ ಜೀವಿಯ ಕವಚಗಳಿವೆ. ಸಿಗಡಿಯ ದೂರದ ನೆಂಟ, ಒಂದು ಮಿಲಿಮೀಟರಿನ ಆಸುಪಾಸು, ಎರಡು ಹೋಳಿನ ಚಿಪ್ಪು. ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ನಮ್ಮವರಿಗೆ ಮೊದಲು ನೆನಪಾಗುವುದು ತೊಗರಿಬೇಳೆ. ಗುಲಬರ್ಗಾ ಜಿಲ್ಲೆಯ ಈ ಸೂಕ್ಷ್ಮ ಬೇಳೆಗಳ ಬಗ್ಗೆ 2002ರಲ್ಲಿ ಒಂದು ಅಂತರರಾಷ್ಟ್ರೀಯ ಪ್ರಬಂಧವೇ ಬಂದಿದೆ. ಅವು ಸಿಹಿನೀರಿನವು, ಆದ್ದರಿಂದ ಕೆರೆ ಎಂದೆ, ಕಡಲೆನ್ನಲಿಲ್ಲ.

ಕೆರೆಯಂಗಳದಲ್ಲಿ ಹುಲ್ಲಿತ್ತೇ? ಬಹಳ ದಿನ ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಡೈನೋಸಾರಿನ ಕಲ್ಲಾದ ಸಗಣಿಯನ್ನು ಪರೀಕ್ಷಿಸಿ 2005ರಲ್ಲಿ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಅದರಲ್ಲಿ ಹುಲ್ಲಿನ ‘ಫೈಟೋಲಿತ್’ ಇದೆ ಎಂದು ತೋರಿಸಿದರು. ಫೈಟೋಲಿತ್ ಎಂದರೆ ಸಸ್ಯ ತನ್ನ ಜೀವಕೋಶದೊಳಗೆ ಕಟ್ಟಿಕೊಳ್ಳುವ ಗಾಜಿನಂಥ ಮರಳಿನ ಹರಳು. ಎಲೆ ಕೊಳೆಯುತ್ತದೆ, ಅದು ಉಳಿಯುತ್ತದೆ. ಒಂದೊಂದು ಸಸ್ಯವರ್ಗಕ್ಕೆ ಅದರದೇ ಆಕಾರ. ಅಂದರೆ ಹುಲ್ಲಿತ್ತು, ಹುಲ್ಲುಗಾವಲು ಮಾತ್ರ ಇರಲಿಲ್ಲ. ಜೋಳದ ಹೊಲಕ್ಕೆ ಇನ್ನೂ ಕೋಟಿಗಟ್ಟಲೆ ವರ್ಷ ಬಾಕಿ.

ಕಮಲಾಪುರದ ಕೆಂಪು ಬೇರೆ ಅಕ್ಷಾಂಶದ ಮಳೆಯದು.

ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯ ಎರಿಹೊಲಗಳು ಒಂದಿಷ್ಟು ದೂರ ಜೊತೆಗೆ ಬರುತ್ತವೆ. ಕಮಲಾಪುರ ಹತ್ತಿರವಾದಂತೆ ನೆಲ ಏರಿಳಿಯತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ. ಬೀದರಿನ ಜಂಬಿಟ್ಟಿಗೆ ಪ್ರಸ್ಥಭೂಮಿಯ ದಕ್ಷಿಣದ ಅಂಚು ಇದು. ಬೀದರಿನ ಕೋಟೆ ಕಟ್ಟಿದ್ದು ಆ ಜಂಬಿಟ್ಟಿಗೆಯಿಂದ, ಸುರಂಗಬಾವಿ ಕೊರೆದದ್ದು ಅದರೊಳಗೆ. ಕಮಲಾಪುರದವರು ಆ ಕೆಂಪಿನಲ್ಲಿ ಬಾಳೆ ಹಾಕಿದರು. ಭೌಗೋಳಿಕ ಸೂಚಕದ ಮುದ್ರೆ ಪಡೆದ ಕೆಂಪು ಬಾಳೆ ಇಲ್ಲಿಯದೇ. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ತಗೊಳ್ಳುತ್ತದೆ, ಬೆಲೆಯೂ ಹೆಚ್ಚು.

ಕೆಂಪು ಬಂದದ್ದೆಲ್ಲಿಂದ? ಕರಿಕಲ್ಲಿನಲ್ಲೇ ಕಬ್ಬಿಣವಿದೆ. ಬಿಸಿಯೂ ಮಳೆಯೂ ಬಿಡದೆ ಸುರಿದರೆ ಕಲ್ಲಿನ ಸುಣ್ಣ, ಸೋಡಿಯಂ, ಕೊನೆಗೆ ಮರಳಿನಂಶವೂ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಮಾತ್ರ ಉಳಿದು ತುಕ್ಕು ಹಿಡಿಯುತ್ತದೆ. ಜಂಬಿಟ್ಟಿಗೆ ಎಂದರೆ ತುಕ್ಕು ಹಿಡಿದ ಕರಿಕಲ್ಲು. ವರ್ಷಕ್ಕೆ ನಾಲ್ಕು ತಿಂಗಳು ಮಳೆ, ಅದೂ ಕೈಕೊಡುವ ಮಳೆ ಇರುವ ಇಂದಿನ ಕಮಲಾಪುರದಲ್ಲಿ ಅಷ್ಟು ದಪ್ಪ ತುಕ್ಕು ಹಿಡಿಯುವುದು ಸಾಧ್ಯವಿಲ್ಲ. ಅದಕ್ಕೆ ಮಲೇಷ್ಯಾದಂಥ ಹವೆ ಬೇಕು. ಅಂಥ ಹವೆ ನಮ್ಮಲ್ಲಿಗೆ ಬರಲಿಲ್ಲ. ಈ ನೆಲವೇ ಅದರ ಕೆಳಗೆ ಹಾದುಹೋಯಿತು. ಉತ್ತರಕ್ಕೆ ಸಾಗುತ್ತಿದ್ದ ಭಾರತದ ಈ ಭಾಗ ಸುಮಾರು ಐದು ಕೋಟಿ ವರ್ಷದ ಹಿಂದೆ ಭೂಮಧ್ಯರೇಖೆಯ ಆಸುಪಾಸು ದಾಟಿತು. ಇಡೀ ಭೂಮಿಯೇ ಆಗ ಕುದಿಯುತ್ತಿದ್ದ ಕಾಲ: ಉತ್ತರ ಧ್ರುವವೃತ್ತದೊಳಗೆ ಮೊಸಳೆಯ ನೆಂಟರು ಬಿಸಿಲು ಕಾಯುತ್ತಿದ್ದರು.

ಇಲ್ಲಿ ಗಾಳಿಯ ಲೆಕ್ಕಕ್ಕೆ ಮರಳೋಣ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ. ಆ ಹುಳಿ ಕರಿಕಲ್ಲನ್ನು ಕರಗಿಸಿದಾಗ ಅನಿಲ ಹೊಳೆಯ ಮೂಲಕ ಕಡಲು ಸೇರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಕರಿಕಲ್ಲು ಬಲು ಬೇಗ ಕರಗುವ ಜಾತಿ. ಐದು ಲಕ್ಷ ಚದರ ಕಿಲೋಮೀಟರ್ ಕರಿಕಲ್ಲನ್ನು ಹೊತ್ತ ಭಾರತ ಮಳೆಕಾಡಿನ ಪಟ್ಟಿಯಲ್ಲಿ ಹಾದುಹೋಗುವಾಗ ಗಾಳಿಯಿಂದ ಅಪಾರ ಇಂಗಾಲ ಹೀರಿತು, ಮುಂದೆ ಭೂಮಿ ತಣ್ಣಗಾದದ್ದರಲ್ಲಿ ಅದರದೂ ಪಾಲಿದೆ ಎಂಬ ವಾದವನ್ನು ಕೆಲವು ಭೂವಿಜ್ಞಾನಿಗಳು ಮುಂದಿಟ್ಟಿದ್ದಾರೆ. ಹಿಮಾಲಯ ಎದ್ದು ಸವೆದದ್ದೇ ಮುಖ್ಯ ಕಾರಣ ಎನ್ನುವವರೂ ಇದ್ದಾರೆ. ನನಗೆ ಎರಡೂ ಇರಲಿ ಅನ್ನಿಸುತ್ತದೆ. ಆದರೆ ಕಮಲಾಪುರದ ಕೆಂಪನ್ನು ನೋಡುವಾಗ ಮೊದಲ ವಾದದ ಕಡೆಗೇ ಮನಸ್ಸು ವಾಲುತ್ತದೆ. ಊರಿನ ಅಭಿಮಾನ, ಇನ್ನೇನು.

ಎರಿ ಬಿರಿಯಿತು, ಜೋಳ ನಿಂತಿತು.

‘ಎರಿ’ ಎಂದರೆ ಕರಿಮಣ್ಣು. ಜಂಬಿಟ್ಟಿಗೆಗೂ ಎರಿಗೂ ತಾಯಿ ಒಂದೇ, ಕರಿಕಲ್ಲು. ಸಾಕಿದ ಹವೆ ಬೇರೆ. ಬಿಡದ ಮಳೆಯಲ್ಲಿ ಕೆಂಪಾದದ್ದು, ಒಣಹವೆಯಲ್ಲಿ ಸುಣ್ಣದಂಶವನ್ನು ಉಳಿಸಿಕೊಂಡು ಜಿಗುಟಾಗಿ ಕಪ್ಪಾಯಿತು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಚಪ್ಪಲಿಯನ್ನು ಹಿಡಿದುಕೊಂಡು ಬಿಡುವುದಿಲ್ಲ. ಇದು ಮುಂಗಾರು ಬಂದ ಮೇಲಿನ, ಹಿಮಯುಗಗಳು ಬಂದುಹೋಗುತ್ತಿದ್ದ ಕಾಲದ ಹೊಸ ಸಾಲು. ಈ ಅವಧಿಯಲ್ಲಿಯೇ ನೆರೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಅಲ್ಲಿ ಕೆ. ಪದ್ದಯ್ಯ ಮತ್ತು ತಂಡದವರು ಅಗೆದು ತೆಗೆದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂದಿದೆ. ಆ ಕೊಡಲಿ ಮಾಡಿದ್ದು ಯಾವ ಕಲ್ಲಿನಿಂದ ಎಂದರೆ, ಭೀಮಾ ಸುಣ್ಣಕಲ್ಲಿನ ಚಪ್ಪಡಿಯಿಂದ. ಮೀನಿಲ್ಲದ ಕಡಲಿನ ಕೆಸರಿನಲ್ಲಿ ಆತ ಪ್ರಾಣಿಯ ತೊಗಲು ಸುಲಿದ. ಪರಸಿ ಕೆಲಸದ ಕಸುಬು ಅಲ್ಲಿಂದ ಶುರು.

ಜೋಳದ ವಿಷಯ. ಜೋಳ, ಕಬ್ಬು, ಮೆಕ್ಕೆಜೋಳ ಇವೆಲ್ಲ ‘ಸಿ-4’ ಎಂಬ ಬಗೆಯ ಹುಲ್ಲುಗಳು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ವಿರಳವಾದಾಗ ಅದನ್ನು ಎಲೆಯೊಳಗೆ ಒತ್ತೊತ್ತಾಗಿ ಕೂಡಿಸಿ ಬಳಸುವ ಉಪಾಯ ಅವಕ್ಕೆ ಗೊತ್ತು. ಎಲೆಯ ಬಾಯಿ ಹೆಚ್ಚು ತೆರೆಯಬೇಕಿಲ್ಲ, ಹಾಗಾಗಿ ನೀರೂ ಉಳಿಯುತ್ತದೆ. ಇಂಥ ಹುಲ್ಲು ನಮ್ಮ ಉಪಖಂಡದಲ್ಲಿ ಹರಡಿದ್ದು ಸುಮಾರು 80ರಿಂದ 60 ಲಕ್ಷ ವರ್ಷದ ಹಿಂದೆ. ಇದು ಗೊತ್ತಾದದ್ದು ಹಿಮಾಲಯದ ಬುಡದ ಶಿವಾಲಿಕ್ ಮಣ್ಣಿನಲ್ಲಿರುವ ಸುಣ್ಣದ ಹರಳುಗಳಿಂದ. ನಮ್ಮ ಎರಿಹೊಲದಲ್ಲಿ ನೇಗಿಲಿಗೆ ಸಿಕ್ಕುವ ಬಿಳಿ ಹರಳಿನ ಜಾತಿಯೇ ಅದು. ಮೇಲೆ ಯಾವ ಹುಲ್ಲು ಬೆಳೆದಿತ್ತೆಂಬುದು ಅದರ ಇಂಗಾಲದ ಪರಮಾಣುಗಳ ತೂಕದಲ್ಲಿ ದಾಖಲಾಗಿರುತ್ತದೆ. ಜೋಳ ನಮ್ಮಲ್ಲಿಗೆ ಬಂದದ್ದು ಆಫ್ರಿಕದಿಂದ, ಬಹಳ ಈಚೆಗೆ. ಆದರೆ ತೆಳುಗಾಳಿಯಲ್ಲಿ ಬದುಕುವ ವಿದ್ಯೆ ಅದರ ಮನೆತನದ ಹಳೆಯ ಆಸ್ತಿ. ರೊಟ್ಟಿ ತಟ್ಟುವವರು ಇದನ್ನು ತಿಳಿಯಬೇಕಾದ್ದಿಲ್ಲ. ತಿಳಿದರೆ ರೊಟ್ಟಿಯ ರುಚಿಯೇನೂ ಕೆಡುವುದಿಲ್ಲ.

ಸುಟ್ಟ ಕಡಲು ಗಾಳಿ ಸೇರಿತು.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ರೈಲಿನಿಂದಲೇ ಕಾಣುತ್ತವೆ. ಗೂಡಿನೊಳಗೆ ಸುಣ್ಣಕಲ್ಲನ್ನು ಜೇಡಿಯೊಡನೆ 1,450 ಡಿಗ್ರಿಯವರೆಗೆ ಕಾಯಿಸುತ್ತಾರೆ. ಒಂದು ಟನ್ ಶುದ್ಧ ಸುಣ್ಣಕಲ್ಲು ಬೆಂದರೆ 440 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾಯಿಸಲು ಉರಿಸಿದ ಇಂಧನದ್ದು ಬೇರೆ. ಉರಿಸುವುದು ಕಲ್ಲಿದ್ದಲಾದರೆ, ನಮ್ಮಲ್ಲಿ ಕಳೆದುಹೋದ ಗರಿಯ ಕಾಡೂ ಅದೇ ಗೂಡಿಗೆ ಬಂದಂತಾಯಿತು. ನಿಂಬೆರಸದಲ್ಲಿ ಕಂಡ ಗುಳ್ಳೆಯೇ ಇದು, ದೊಡ್ಡ ಪ್ರಮಾಣದಲ್ಲಿ. ಕಡಲು ಕೋಟಿ ವರ್ಷಗಳಲ್ಲಿ ಬಚ್ಚಿಟ್ಟದ್ದು ಗೂಡಿನಲ್ಲಿ ಒಂದು ತಾಸಿನೊಳಗೆ ಬಿಡುಗಡೆ.

ಬಸ್ಸಿನಲ್ಲಿ ಪಕ್ಕ ಕೂತ ಹಿರಿಯರೊಬ್ಬರು ನನ್ನ ಟಿಕೀಟು ಇಣುಕಿ ನೋಡಿ ಏನು ಬರಿತೀರಿ ಎಂದು ಕೇಳಿದ್ದರು. ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ‘ಹಿಂದನೂ ಹಿಂಗೇ ಬಿಸಿ ಇತ್ತು ಅಂತೀರಿ, ಇದಕ್ಕಿಂತ ಜಾಸ್ತಿನೇ ಇತ್ತು ಅಂತೀರಿ. ಮತ್ತ ಈಗೇನ್ ಹೊಸಾದಾಗ್ಯದರಿ?’ ಎಂದರು. ಒಳ್ಳೆಯ ಪೂರ್ವಪಕ್ಷ. ಟೀಕಾಕಾರ ಇದನ್ನು ಹಾರಿಸಿ ಹೋಗಬಾರದು.

ಬಿಸಿ ಇತ್ತು, ಖರೆ. ಗಾಳಿಯಲ್ಲಿ ಇಂಗಾಲವೂ ಹೆಚ್ಚಿತ್ತು. ಆದರೆ ಆ ಕಾಲದಲ್ಲಿ ಜೋಳವಿರಲಿಲ್ಲ, ಎತ್ತಿರಲಿಲ್ಲ, ಕೇಳುವುದಕ್ಕೆ ಅವರೂ ಹೇಳುವುದಕ್ಕೆ ನಾನೂ ಇರಲಿಲ್ಲ. ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಕೊಂಡ ಗುಳ್ಳೆಗಳ ಪ್ರಕಾರ ಕಳೆದ ಎಂಟು ಲಕ್ಷ ವರ್ಷಗಳಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 180 ಮತ್ತು 300 ಭಾಗಗಳ ನಡುವೆಯೇ ಏರಿಳಿದಿದೆ. ಕೈಗಾರಿಕೆಗೆ ಮೊದಲು 280 ಇತ್ತು, 2024ರಲ್ಲಿ 424 ದಾಟಿತು. ಇಷ್ಟು ಇದ್ದದ್ದು ಮೂವತ್ತು ಲಕ್ಷ ವರ್ಷದ ಹಿಂದೆ, ಇಸಾಂಪುರದ ಕೊಡಲಿಗಳಿಗಿಂತಲೂ ಬಹಳ ಮೊದಲು. ವೇಗದ ಮಾತು ಬೇರೆಯೇ. 5.6 ಕೋಟಿ ವರ್ಷದ ಹಿಂದೆ ಒಮ್ಮೆ ಭೂಮಿ ಐದಾರು ಡಿಗ್ರಿ ಬಿಸಿಯೇರಿತು. ಅದಕ್ಕೆ ಕಾರಣವಾದ ಇಂಗಾಲ ಹೊರಬರಲು ಸಾವಿರಾರು ವರ್ಷ ಹಿಡಿಯಿತು, ಚೇತರಿಸಿಕೊಳ್ಳಲು ಒಂದೂವರೆ ಲಕ್ಷಕ್ಕೂ ಹೆಚ್ಚು ವರ್ಷ. ಈಗ ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಬಿಡುವುದರ ಸುಮಾರು ನೂರು ಪಟ್ಟು ನಾವು ಬಿಡುತ್ತಿದ್ದೇವೆ. ಕರಿಕಲ್ಲು ಅದನ್ನು ಹೀರುತ್ತದೆ, ಹೌದು. ಅದರ ಪಂಚಾಂಗದಲ್ಲಿ ಲಕ್ಷ ವರ್ಷವೆಂದರೆ ಒಂದು ಪಕ್ಷ.

‘ಜ್ವಾಳಾ ಹೋಗ್ಲಿ ಬಿಡ್ರಿ, ತೊಗರಿ?’ ಎಂದರು ಹಿರಿಯರು. ಕಲಬುರಗಿಯವರ ಪ್ರಶ್ನೆ. ತೊಗರಿ ಸಿ-4 ಅಲ್ಲ, ಹಳೆಯ ಪದ್ಧತಿಯದು. ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಅದಕ್ಕೆ ಒಂದು ಪಾಲು ಲಾಭವೇ ಎಂದೆ. ಅವರ ಮುಖ ಅರಳಿತು. ಆದರೆ ಹೂವಿನ ಹೊತ್ತಿಗೆ ಮೋಡ ಹಿಡಿದು ಅಕಾಲ ಮಳೆ ಬಂದರೆ ಎಂದು ನಾನು ಹೇಳುವಷ್ಟರಲ್ಲಿ, ‘ಹೂ ಉದರ್ತದ, ಗೊತ್ತದರಿ’ ಎಂದು ಅವರೇ ಮುಗಿಸಿದರು. ಆಮೇಲೆ ಕಮಲಾಪುರದವರೆಗೂ ಕಿಟಕಿಯಾಚೆ ನೋಡುತ್ತ ಕೂತರು.

ಕಮಲಾಪುರದಲ್ಲಿ ಇಳಿದಾಗ ಬುಟ್ಟಿಯ ಮುಂದೆ ಕೂತ ಅವ್ವ ಕೆಂಪು ಬಾಳೆಯ ಚಿಪ್ಪಿನಿಂದ ಎರಡು ಹಣ್ಣು ಮುರಿದು ಬಾಳೆಲೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ‘ಸಿಪ್ಪಿ ಕೆಂಪದ, ಒಳಗ ಬಣ್ಣ ನೋಡಿ ಬ್ಯಾರೆ ಅನ್ಬ್ಯಾಡ್ರಿ’ ಎಂದಳು. ಒಳಗೆ ಕೆನೆಬಣ್ಣ, ಬೀಜವಿಲ್ಲ. ಹಣ್ಣು ಅಲ್ಲೇ ತಿಂದೆ. ಎಲೆಯನ್ನು ಹೊಲದ ಬದುವಿನ ಕೆಂಪು ಮಣ್ಣಿಗೆ ಹಾಕಿದೆ. ನಾಲ್ಕು ಮಳೆಗೆ ಅದು ಕೊಳೆಯುತ್ತದೆ, ಅದರ ಫೈಟೋಲಿತ್‌ಗಳು ಮಾತ್ರ ಮಣ್ಣಿನಲ್ಲಿ ಕೂರುತ್ತವೆ. ಬಾಳೆಯದಕ್ಕೆ ಅದರದೇ ಆಕಾರವಿದೆ: ಚಿಕ್ಕ ಪೀಠ, ಅದರ ಮೇಲೊಂದು ಗುಡ್ಡ, ಗುಡ್ಡದ ತುದಿಯಲ್ಲಿ ಒಂದು ಕುಳಿ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅದನ್ನು ಜ್ವಾಲಾಮುಖಿಯಾಕಾರದ್ದು ಎಂದೇ ಕರೆಯುತ್ತಾರೆ.